ಸಹಿ ಹಾಕಿ ಆರು ದಿನ

ನಿಮ್ಮ ಪತ್ರ ಎರಡು ಸಲ ಓದಿದೆ. ಅಮೆರಿಕಕ್ಕೆ ಬಂದು ಎಂಟು ತಿಂಗಳು. ಕಳೆದ ಶನಿವಾರ ಫ್ಲೋರಿಡಾದ ಒರ್ಲ್ಯಾಂಡೊದಲ್ಲಿ 22,000 ಡಾಲರಿನ ಟೈಮ್‌ಶೇರ್‌ಗೆ, ಅಂದರೆ ರೆಸಾರ್ಟಿನಲ್ಲಿ ಪ್ರತಿ ವರ್ಷ ಒಂದು ವಾರ ಉಳಿಯುವ ಹಕ್ಕಿಗೆ, ಸಹಿ ಹಾಕಿದ್ದೀರಿ, ಮುಂಗಡ ಕ್ರೆಡಿಟ್ ಕಾರ್ಡಿನ ಮೇಲೆ. ಈಗ ಆಫೀಸಿನಲ್ಲಿ ಯಾರೋ ಅದೇ ರೆಸಾರ್ಟಿನ ವಾರ ರೀಸೇಲ್‌ನಲ್ಲಿ, ಹಳೆಯ ಮಾಲೀಕರಿಂದ, ಸಾವಿರ ಡಾಲರಿಗೂ ಸಿಗುತ್ತೆ ಅಂದರಂತೆ. "ಅಕ್ಕಾ, ಕಂಪನಿಯಿಂದಲೇ ನೇರವಾಗಿ ತಗೊಂಡಿದ್ದರಲ್ಲಿ ಏನಾದರೂ ಲಾಭ ಇದೆಯಾ? ನೀವೂ ತಗೊಂಡಿದ್ರಂತಲ್ವಾ?" ಅಂತ ಕೇಳಿದ್ದೀರಿ. ಮಗುವಿನ ಸ್ಕೂಲು, ಕಾರ್ ಇನ್ಶೂರೆನ್ಸ್ ವಿಷಯ ಆಮೇಲೆ ಮಾತಾಡೋಣ. ಅವು ಒಂದು ವಾರ ಕಾಯುತ್ತವೆ. ಇದು ಕಾಯುವುದಿಲ್ಲ.

ಫ್ಲೋರಿಡಾದಲ್ಲಿ ಸಹಿ ಹಾಕಿದ ಮೇಲೆ ಹತ್ತು ದಿನದೊಳಗೆ ಟೈಮ್‌ಶೇರ್ ರದ್ದು ಮಾಡಬಹುದು. ಶನಿವಾರ, ಭಾನುವಾರ ಎಲ್ಲ ಸೇರಿ ಹತ್ತು. ಕೊನೆಯ ದಾಖಲೆ ನಿಮ್ಮ ಕೈಗೆ ತಡವಾಗಿ ಬಂದಿದ್ದರೆ ಅಲ್ಲಿಂದ ಎಣಿಕೆ. ಕಾರಣ ಹೇಳಬೇಕಿಲ್ಲ. ಈ ಹಕ್ಕು ಬೇಡ ಅಂತ ನಿಮ್ಮ ಕೈಲಿ ಬರೆಸಿಕೊಂಡರೂ ಅದು ನಡೆಯುವುದಿಲ್ಲ, ಕಾನೂನೇ ಹಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ಏಳೇ ದಿನ, ನೆವಾಡಾದಲ್ಲಿ ಐದು. ನಿಮಗೆ ಇವತ್ತು ಆರನೇ ದಿನ.

ನಮಗೂ ಆ ಹತ್ತು ದಿನ ಇತ್ತು. ನಮಗೆ ಗೊತ್ತಿರಲಿಲ್ಲ.

ನಾವು ಅಟ್ಲಾಂಟಾಕ್ಕೆ ಬಂದದ್ದು 2008ರಲ್ಲಿ. 2011ರ ಸ್ಪ್ರಿಂಗ್ ಬ್ರೇಕ್‌ಗೆ ಏಳು ಗಂಟೆ ಕಾರ್ ಓಡಿಸಿಕೊಂಡು ಒರ್ಲ್ಯಾಂಡೊಗೆ ಹೋದೆವು. ಮಗಳಿಗೆ ನಾಲ್ಕು ವರ್ಷ. ಟೈಮ್‌ಶೇರ್ ಮಾರುವವರ ಮಾತು ತೊಂಬತ್ತು ನಿಮಿಷ ಕೂತು ಕೇಳಿದರೆ ಡಿಸ್ನಿ ಟಿಕೆಟ್ ಕಡಿಮೆಗೆ ಅಂದರು, ಹೋದೆವು. ನಾವು ಮೊಟ್ಟೆ ತಿನ್ನುವುದಿಲ್ಲ ಅಂತ ಗೊತ್ತಾದ ಕೂಡಲೇ ಮಾರಾಟದ ಮನುಷ್ಯ ತಾನೇ ಎದ್ದು ಹೋಗಿ ಹಣ್ಣು, ಬ್ರೆಡ್ಡು ತಂದಿಟ್ಟ. ಮಗಳಿಗೆ ಬಣ್ಣದ ಪುಸ್ತಕ, ಕ್ರೇಯಾನ್ ಕೊಟ್ಟ. ನಮ್ಮ ಊರು, ತೋಟ, ಎಲ್ಲ ಕೇಳಿದ. ಆಮೇಲೆ ಒಂದು ಮಾತು ಕೇಳಿದ: "ನಿಮ್ಮ ಅಪ್ಪ ಅಮ್ಮ ಬಂದರೆ ಎಲ್ಲಿ ಉಳಿಸುತ್ತೀರಿ?" ಆಗ ನಾವಿದ್ದದ್ದು ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ. ನನಗೆ ಗಂಟಲು ಕಟ್ಟಿತು.

ಬಿಳಿ ಹಾಳೆಯ ಮೇಲೆ ನಮಗೆ ಓದಲು ಬರುವ ಹಾಗೆ ತಲೆಕೆಳಗಾಗಿ ಅಂಕಿ ಬರೆದ. ಹೋಟೆಲ್ ಬಾಡಿಗೆ ಇಷ್ಟು, ಮೂವತ್ತು ವರ್ಷಕ್ಕೆ ಇಷ್ಟು. 27,000 ಅಂದದ್ದು ಮ್ಯಾನೇಜರ್ ಬಂದ ಮೇಲೆ 18,900ಕ್ಕೆ ಇಳಿಯಿತು, ಇವತ್ತು ಮಾತ್ರ ಈ ಬೆಲೆ ಅಂತ. ತೊಂಬತ್ತು ನಿಮಿಷ ನಾಲ್ಕೂವರೆ ಗಂಟೆ ಆಯಿತು. ಯಜಮಾನರು ನನ್ನ ಮುಖ ನೋಡಿದರು. ಇಷ್ಟು ಹೊತ್ತು ಕೂರಿಸಿ ತಿಂಡಿ ಕೊಟ್ಟವನಿಗೆ ಬೇಡ ಅನ್ನುವುದು ಹೇಗೆ ಅಂತ ನನಗೆ ಅನಿಸಿತು. ನಿಮಗೂ ಹಾಗೇ ಅನಿಸಿರಬೇಕು. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಆ ದಾಕ್ಷಿಣ್ಯ ರಕ್ತದಲ್ಲೇ ಇರುತ್ತದೆ. ಸಹಿ ಹಾಕಿದೆವು.

ನಮ್ಮಪ್ಪ ತಿಪಟೂರಿನ ಕಡೆಯ ತೆಂಗಿನ ತೋಟದವರು. ಹನ್ನೊಂದು ತಿಂಗಳು ಕಾಯಿಯನ್ನು ಅಟ್ಟದ ಮೇಲೆ ಇಟ್ಟು, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಅಂದ ಮೇಲೇ ಸುಲಿಸುತ್ತಿದ್ದವರು. ಅವರ ಮಗಳು ನಾನು.

ರದ್ದು ಮಾಡುವ ವಿಷಯ ಅವರು ಕೊಟ್ಟ ಫೈಲಿನಲ್ಲೇ ಇತ್ತು. ಬಣ್ಣದ ಬ್ರೋಷರ್, ಮಿಕ್ಕಿ ಮೌಸ್ ಚಿತ್ರ ಇದ್ದ ನಕ್ಷೆ, ಇವುಗಳ ಹಿಂದೆ, ಕರಾರಿನಲ್ಲಿ. ಟ್ಯಾಕ್ಸ್ ಕಾಗದ ಹುಡುಕುವಾಗ ಮುಂದಿನ ವರ್ಷ ಅದನ್ನು ಓದಿದೆ. ಅಡುಗೆಮನೆಯಲ್ಲಿ ನಿಂತೇ ಓದಿದೆ, ಒಲೆ ಮೇಲೆ ಹಾಲು ಉಕ್ಕಿ ಹೋಯಿತು.

ಈಗ ನಿಮ್ಮ ಪ್ರಶ್ನೆ. ಕಂಪನಿಯಿಂದ ಕೊಂಡರೂ ರೀಸೇಲ್‌ನಲ್ಲಿ ಕೊಂಡರೂ ರೂಮು ಅದೇ, ಈಜುಕೊಳ ಅದೇ. ನಮ್ಮದೇ ರೆಸಾರ್ಟಿನಲ್ಲಿ ಓಹಾಯೋದಿಂದ ಬಂದ ದಂಪತಿ ಸಿಕ್ಕಿದ್ದರು. ಇಬೇಯಲ್ಲಿ ಒಂದು ಡಾಲರಿಗೆ ತಗೊಂಡೆವು, ವರ್ಗಾವಣೆ ಖರ್ಚು ಬೇರೆ ಅಂದರು. ನಾವು ಆಗ ಶೇಕಡಾ 15ರ ಹತ್ತಿರ ಬಡ್ಡಿ ಕಟ್ಟುತ್ತಿದ್ದೆವು. ಕಂಪನಿಯ ಬೆಲೆಯಲ್ಲಿ ಆ ತಿಂಡಿ, ಟಿಕೆಟ್, ಕಮಿಷನ್ ಎಲ್ಲ ಸೇರಿರುತ್ತದೆ. ನೇರವಾಗಿ ಕೊಂಡವರಿಗೆ ಮೇಲ್ದರ್ಜೆಯ ಸದಸ್ಯತ್ವ, ತಮ್ಮ ವಾರವನ್ನು ಹೋಟೆಲ್ ಪಾಯಿಂಟ್ ಆಗಿ ಬದಲಾಯಿಸುವುದು, ಇಂಥ ಕೆಲವು ಸವಲತ್ತು ಜಾಸ್ತಿ ಸಿಗುತ್ತವೆ. ಅದಕ್ಕಾಗಿ ಇಪ್ಪತ್ತು ಸಾವಿರ ಕೊಡಬೇಕಾ? ನನ್ನ ಪ್ರಕಾರ ಬೇಡ.

ಹಾಗಂತ ಒಂದು ಡಾಲರಿನದ್ದು ಅಗ್ಗ ಅಂದುಕೊಳ್ಳಬೇಡಿ. ಎಷ್ಟಕ್ಕೇ ಕೊಂಡಿರಲಿ, ವರ್ಷದ ಮೇಂಟೆನೆನ್ಸ್ ಫೀ ಇಬ್ಬರಿಗೂ ಒಂದೇ. ನಮ್ಮದು 640 ಡಾಲರಿಂದ ಶುರುವಾಗಿ 2019ಕ್ಕೆ 1,080 ಆಯಿತು. ಚಂಡಮಾರುತ ಬಂದು ಚಾವಣಿ ಹಾಳಾದರೆ ಮೇಲೆ ಇನ್ನೊಂದು ಬಿಲ್ಲು. ಜನ ಒಂದು ಡಾಲರಿಗೆ ಕೊಡುವುದೇ ಈ ಫೀಯಿಂದ ಬಿಡಿಸಿಕೊಳ್ಳಲು.

ಡಿಸ್ನಿಯವರದೇ ಟೈಮ್‌ಶೇರ್, ವೆಕೇಶನ್ ಕ್ಲಬ್, ಸ್ವಲ್ಪ ಬೇರೆ. ಅಲ್ಲಿ ಉಳಿಯುವ ದಿನಗಳ ಲೆಕ್ಕ ಪಾಯಿಂಟಿನಲ್ಲಿ. ಅದಕ್ಕೆ ಮರುಮಾರಾಟದಲ್ಲೂ ಬೆಲೆ ಉಳಿದಿದೆ, ಕರಾರಿಗೆ ಕೊನೆಯ ವರ್ಷವೂ ಇದೆ, ಹಳೆಯ ಕೆಲವು ರೆಸಾರ್ಟುಗಳದ್ದು 2042ಕ್ಕೆ ಮುಗಿಯುತ್ತದೆ. ಹಳೆಯ ಮಾಲೀಕರ ಜೊತೆ ನೀವು ಮಾತಾಡಿಕೊಂಡ ಬೆಲೆಗೆ ಮೊದಲು ಕೊಳ್ಳುವ ಹಕ್ಕು ಡಿಸ್ನಿಗೇ. ಆದರೆ 2019ರ ಜನವರಿಯಿಂದ ಈಚೆಗೆ ರೀಸೇಲ್‌ನಲ್ಲಿ ಕೊಂಡವರಿಗೆ ನಿರ್ಬಂಧ ಬಂದಿದೆ. ರಿವಿಯೆರಾ ರೆಸಾರ್ಟಿನ ಪಾಯಿಂಟ್ ಹಾಗೆ ಕೊಂಡರೆ ರಿವಿಯೆರಾದಲ್ಲೇ ಉಳಿಯಬೇಕು. ಬದಲಿ ರೆಸಾರ್ಟ್ ಕೊಡಿಸುವ ಆರ್‌ಸಿಐ ಬಗ್ಗೆ ಕೇಳಿದ್ದೀರಿ. ವರ್ಷ ಮೊದಲೇ ರಜೆ ಗೊತ್ತಿರುವವರಿಗೆ ಅದು ಸರಿ.

ನಿಮ್ಮಣ್ಣನ ಕ್ಲಬ್ ಮಹೀಂದ್ರಾ ಥರಾನೇ ಅಂದಿರಿ. ಮಡಿಕೇರಿಗೆ ಹೋಗಿ ಬರುವ ಆ 25 ವರ್ಷದ ಸದಸ್ಯತ್ವ ಒಂದು ದಿನ ಮುಗಿಯುತ್ತದೆ. ಇಲ್ಲಿ ಎಷ್ಟೋ ಟೈಮ್‌ಶೇರ್ ಜಮೀನಿನ ಪತ್ರದ ಹಾಗೆ, ಕೌಂಟಿಯಲ್ಲಿ, ಅಂದರೆ ಇಲ್ಲಿನ ಜಿಲ್ಲೆಯಲ್ಲಿ, ನೋಂದಣಿ ಆಗುತ್ತದೆ, ಕೊನೆ ಅಂತ ಇರುವುದಿಲ್ಲ. ನಿಮ್ಮ ಎಚ್-1ಬಿ ಕೆಲಸದ ವೀಸಾ ಆರು ವರ್ಷದ್ದು. ನಾಳೆ ಕೆಲಸ ಹೋಗಿ ದಾವಣಗೆರೆಗೆ ವಾಪಸ್ ಹೋದರೂ ಫೀ ಬಿಲ್ಲು ನಿಲ್ಲುವುದಿಲ್ಲ.

ಅಪ್ಪ ಬರಲೇ ಇಲ್ಲ. ಮಂಡಿನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರೆ ಅಂದುಬಿಟ್ಟರು. ಆದರೆ ಊರಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದರು, ಮಗಳದ್ದು ಫ್ಲೋರಿಡಾದಲ್ಲಿ ಇನ್ನೊಂದು ಮನೆ ಇದೆ ಅಂತ. ಫೋನ್ ಮಾಡಿದಾಗೆಲ್ಲ "ಆ ಮನೆ ಹೇಗಿದೆ?" ಅನ್ನುತ್ತಿದ್ದರು. ಚೆನ್ನಾಗಿದೆ ಅನ್ನುತ್ತಿದ್ದೆ. ಅಮ್ಮ ಒಬ್ಬರೇ ಒಮ್ಮೆ ಬಂದರು. ಆ ರೆಸಾರ್ಟಿನ ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟಿದರು. ಆ ವಾರವನ್ನು ನಾನು ಯಾವ ದುಡ್ಡಿಗೂ ಕೊಡುವುದಿಲ್ಲ. 2015ರ ಬೇಸಿಗೆಯಲ್ಲಿ ಪಾಯಿಂಟ್ ವೇಸ್ಟ್ ಆಗುತ್ತೆ ಅಂತ ಇದ್ದ ರಜೆಯನ್ನೆಲ್ಲ ಒರ್ಲ್ಯಾಂಡೊಗೆ ಹಾಕಿದೆವು. ಊರಿಗೆ ಮುಂದಿನ ವರ್ಷ ಬರ್ತೀವಿ ಅಂತ ಅಪ್ಪನಿಗೆ ಹೇಳಿದೆ. ಮುಂದಿನ ವರ್ಷ ಫೆಬ್ರವರಿಯಲ್ಲಿ ಅಪ್ಪ ಹೋದರು. ಆ ವರ್ಷದ ಫೀ ಬಿಲ್ಲು ಮೇಜಿನ ಮೇಲಿತ್ತು, ಹೆಚ್ಚುಕಡಿಮೆ ಬೆಂಗಳೂರಿನ ಒಂದು ಟಿಕೆಟ್ಟಿನಷ್ಟು.

ಸಾಲ ತೀರಿಸಿ, ಫೀ ಬಾಕಿ ಇಲ್ಲದ ಹಾಗೆ ಕಟ್ಟಿ, 2019ರಲ್ಲಿ ರೆಸಾರ್ಟಿಗೇ ವಾಪಸ್ ಬರೆದುಕೊಟ್ಟೆವು. ಒಂದು ಡಾಲರೂ ಬರಲಿಲ್ಲ. ಅದಕ್ಕೂ ಮುಂಚೆ "ಗಿರಾಕಿ ಸಿದ್ಧ ಇದ್ದಾನೆ, ಮೊದಲು ದುಡ್ಡು ಕಳಿಸಿ" ಅನ್ನುವ ಫೋನುಗಳು ಬಂದವು. ಅಂಥವರಿಗೆ ಯಾವತ್ತೂ ಕೊಡಬೇಡಿ.

ಮುಂದೆ ಆಸೆ ಆದರೆ ಬಾಡಿಗೆಗೆ ತಗೊಳ್ಳಿ. ರೆಡ್‌ವೀಕ್ ಅನ್ನುವ ವೆಬ್‌ಸೈಟಿನಲ್ಲಿ ಮಾಲೀಕರು ತಮ್ಮ ವಾರವನ್ನೇ ಬಾಡಿಗೆಗೆ ಕೊಡುತ್ತಾರೆ. ಎರಡು ಮೂರು ವರ್ಷ ಹಾಗೆ ಹೋಗಿ ಬಂದ ಮೇಲೂ ಬೇಕು ಅನಿಸಿದರೆ ರೀಸೇಲ್ ನೋಡಿ. ಫೀ ಬಾಕಿ ಎಷ್ಟು, ಈ ವರ್ಷದ ಪಾಯಿಂಟ್ ಉಳಿದಿದೆಯಾ, ಇವನ್ನು ರೆಸಾರ್ಟಿನಿಂದಲೇ ಬರಹದಲ್ಲಿ ತರಿಸಿಕೊಳ್ಳಿ.

ಈಗ ಫೈಲ್ ತೆಗೆಯಿರಿ. ಕರಾರಿನಲ್ಲಿ ರದ್ದತಿ ಪತ್ರ ಕಳಿಸುವ ವಿಳಾಸ ಇದೆ, ಅದಕ್ಕೇ ಬರೆಯಿರಿ. ಹೆಸರು, ಕರಾರಿನ ನಂಬರು, ಸಹಿ ಮಾಡಿದ ತಾರೀಖು, ರದ್ದು ಮಾಡುತ್ತಿದ್ದೇವೆ ಅನ್ನುವ ಒಂದು ವಾಕ್ಯ. ಇಬ್ಬರೂ ಸಹಿ ಹಾಕಿ. ಕಾಪಿ ಇಟ್ಟುಕೊಳ್ಳಿ. ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ ರಸೀದಿ ತಗೊಳ್ಳಿ, ಅಂಚೆ ಮುದ್ರೆಯ ತಾರೀಖೇ ಲೆಕ್ಕಕ್ಕೆ. ಅವರಿಗೆ ಫೋನ್ ಮಾಡಬೇಡಿ. ಮಾಡಿದರೆ ಮತ್ತೆ ಆ ಒಳ್ಳೆಯ ಮನುಷ್ಯನೇ ಮಾತಾಡುತ್ತಾನೆ, ನಿಮಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ.

ನಾಳೆ ಅಂದರೆ ಶನಿವಾರ, ಅಂಚೆ ಕಚೇರಿ ಬೇಗ ಮುಚ್ಚುತ್ತದೆ. ಇವತ್ತು ಸಂಜೆ ಐದರೊಳಗೆ ಹೋಗಿ. ರಸೀದಿಯ ಫೋಟೋ ನನಗೆ ಕಳಿಸಿ.