ಬೂಸ್ಟ್ ಕಡಿಮೆ ಮಾಡಿದರೂ 1988ರ ಹೋಂಡಾ ಟರ್ಬೊ ಗೆದ್ದಿದ್ದು ಹೇಗೆ?

1988ರ ಫಾರ್ಮುಲಾ 1 ಕಾರ್ ರೇಸುಗಳಲ್ಲಿ, ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಎಂಜಿನ್‌ಗಳಿಗೆ ಅಷ್ಟೆಲ್ಲ ಕಡಿವಾಣ ಹಾಕಿದರೂ ಮೆಕ್ಲಾರೆನ್-ಹೋಂಡಾ 16ರಲ್ಲಿ 15 ರೇಸ್ ಗೆದ್ದಿದ್ದು ಹೇಗೆ ಅಂತ ಕೇಳಿದ್ದೀರಿ. ಸೆನ್ನಾ, ಪ್ರಾಸ್ಟ್ ಎಂಬ ಘಟಾನುಘಟಿ ಚಾಲಕರಿಬ್ಬರೂ ಒಂದೇ ಟೀಮಿನಲ್ಲಿದ್ದರು ಅನ್ನುವುದು ಎಲ್ಲರೂ ಹೇಳುವ ಉತ್ತರ. ನನಗೆ ಎಂಜಿನ್ ಮೇಲೇ ಪ್ರೀತಿ ಜಾಸ್ತಿ, ಅದನ್ನೇ ಹೇಳುತ್ತೇನೆ.

ಬೂಸ್ಟ್, ಅಂದರೆ ಟರ್ಬೊ ಗಾಳಿಯನ್ನು ತುಂಬುವ ಒತ್ತಡ, ಅದರ ಮಿತಿ 4 ಬಾರ್‌ನಿಂದ 2.5 ಬಾರ್‌ಗೆ ಇಳಿದಿತ್ತು. ಆದರೆ ನಿಜವಾದ ಪೆಟ್ಟು ಪೆಟ್ರೋಲಿನದ್ದು. ಹಿಂದಿನ ವರ್ಷ ಒಂದು ರೇಸಿಗೆ 195 ಲೀಟರ್ ಇದ್ದದ್ದು ಈಗ 150 ಲೀಟರ್. ಮಧ್ಯೆ ತುಂಬಿಸುವ ಹಾಗಿಲ್ಲ. ಟರ್ಬೊ ಇಲ್ಲದ 3.5 ಲೀಟರ್ ಎಂಜಿನ್‌ಗಳಿಗೆ ಮಾತ್ರ ಎಷ್ಟು ಬೇಕಾದರೂ ಸುಡುವ ಸ್ವಾತಂತ್ರ್ಯ!

ಹಾಗಾಗಿ ಹೋಂಡಾದವರು ಆರ್‌ಎ168ಇ ಎಂಜಿನ್ನನ್ನು, ಅಂದರೆ 1.5 ಲೀಟರಿನ, ಆರು ಸಿಲಿಂಡರುಗಳ ಆ ವಿ6 ಅನ್ನು, ಮೈಲೇಜ್ ಲೆಕ್ಕ ಇಟ್ಟುಕೊಂಡೇ ಕಟ್ಟಿದರು. ಬೂಸ್ಟ್ ಕಡಿಮೆ ಆಗಿದ್ದರಿಂದ ಒಂದು ಅನುಕೂಲವೂ ಆಯಿತು. ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ, ಸೈಕಲ್ ಪಂಪ್ ಹೊಡೆದವರಿಗೆ ಗೊತ್ತಿರುತ್ತದೆ. ಜಾಸ್ತಿ ಕಾದರೆ ಪೆಟ್ರೋಲ್ ತಾನಾಗಿಯೇ ಸಿಡಿದು ನಾಕಿಂಗ್ ಶುರುವಾಗುತ್ತದೆ, ಪಿಸ್ಟನ್ ಕೆಡುತ್ತದೆ. ಒತ್ತಡ ಇಳಿದಾಗ ಆ ಭಯವೂ ಇಳಿಯಿತು. ಆಗ ಕಂಪ್ರೆಷನ್ ಅನುಪಾತವನ್ನು, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನುವುದನ್ನು, 9.4ಕ್ಕೆ ಏರಿಸಿದರು. ಅದು ಏರಿದರೆ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ.

ಇನ್ನು ಆ ಇಂಧನ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಅತಿ ಜಾಣತನದ ಭಾಗ ಇದೇ. ನಿಯಮದಲ್ಲಿ ಮಿತಿ ಇದ್ದದ್ದು ಲೀಟರಿನಲ್ಲಿ, ತೂಕದಲ್ಲಲ್ಲ. ಮಾಮೂಲಿ ಪೆಟ್ರೋಲ್ ಲೀಟರಿಗೆ ಸುಮಾರು 750 ಗ್ರಾಂ ತೂಗಿದರೆ, ಟೊಲುಯಿನ್ ಸುಮಾರು 870 ಗ್ರಾಂ ತೂಗುತ್ತದೆ. ಅದೇ ರೀ, ಪೇಂಟ್ ಥಿನ್ನರ್‌ನಲ್ಲಿ ಹಾಕುತ್ತಾರಲ್ಲ, ಅದು. ಒಂದು ಲೀಟರಿನಲ್ಲಿ ಶಕ್ತಿ ಜಾಸ್ತಿ, ನಾಕಿಂಗ್ ಕಡಿಮೆ. ಹೋಂಡಾ ಬಳಸಿದ ಇಂಧನದಲ್ಲಿ 84% ಟೊಲುಯಿನ್. ಉಳಿದ 16% ಹೆಪ್ಟೇನ್. ನಾಕಿಂಗ್ ತಡೆಯುವ ಶಕ್ತಿಯ ಅಳತೆಯಾದ ಆಕ್ಟೇನ್ ಸಂಖ್ಯೆ ಹೆಪ್ಟೇನಿಗೆ ಸೊನ್ನೆ! ಅದನ್ನು ಬೆರೆಸಿದ್ದು ಆಕ್ಟೇನ್ 102ರ ಮಿತಿ ದಾಟಬಾರದು ಅಂತ. ಟೊಲುಯಿನ್ ಸುಲಭವಾಗಿ ಆವಿಯಾಗುವುದಿಲ್ಲ, ಅದಕ್ಕೆ ಇಂಧನವನ್ನು ಮೊದಲೇ ಬಿಸಿ ಮಾಡಿ ಎಂಜಿನ್‌ಗೆ ಬಿಡುತ್ತಿದ್ದರು. ಟರ್ಬೊದಿಂದ ಬಂದ ಗಾಳಿಯನ್ನು ತಣ್ಣಗೆ ಮಾಡುವುದು ಇಂಟರ್‌ಕೂಲರ್ ಕೆಲಸ, ಅಲ್ವಾ? ಇಂಧನ ಉಳಿಸಬೇಕಾದಾಗ ಆ ಗಾಳಿಯನ್ನು ಪೂರ್ತಿ ತಣ್ಣಗಾಗಲು ಬಿಡುತ್ತಿರಲಿಲ್ಲ. ಶಕ್ತಿಗೆ ತಂಪು ಗಾಳಿ, ಉಳಿತಾಯಕ್ಕೆ ಬೆಚ್ಚಗಿನ ಗಾಳಿ.

ಇಷ್ಟೆಲ್ಲ ಮಾಡಿಯೂ 12,500 ಆರ್‌ಪಿಎಂನಲ್ಲಿ ಸುಮಾರು 685 ಅಶ್ವಶಕ್ತಿ ಸಿಗುತ್ತಿತ್ತು. ಕ್ಲಚ್ ಚಿಕ್ಕದು ಮಾಡಿ, ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ಕೆಳಗಿಳಿಸಿದ್ದರಿಂದ ಕಾರಿನ ಭಾರವೂ ನೆಲಕ್ಕೆ ಹತ್ತಿರವಾಯಿತು.

ಸೋತಿದ್ದು ಇಟಲಿಯ ಮೊಂಜಾದಲ್ಲಿ ಮಾತ್ರ. ಪ್ರಾಸ್ಟ್ ಎಂಜಿನ್ ಕೈಕೊಟ್ಟಿತು. ಸೆನ್ನಾ ಕೊನೆಗೆ ಎರಡು ಸುತ್ತು ಇರುವಾಗ, ತಾನು ಒಂದು ಸುತ್ತು ಹಿಂದೆ ಹಾಕುತ್ತಿದ್ದ ಶ್ಲೆಸರ್ ಎಂಬ ಚಾಲಕನ ಕಾರಿಗೆ ತಗುಲಿ ಹೊರಬಿದ್ದ. ಗೆದ್ದದ್ದು ಬರ್ಗರ್‌ನ ಫೆರಾರಿ, ಅದೂ ಟರ್ಬೊನೇ. ಅಂದರೆ ಆ ವರ್ಷ ಟರ್ಬೊ ಇಲ್ಲದ ಕಾರು ಒಂದು ರೇಸನ್ನೂ ಗೆಲ್ಲಲಿಲ್ಲ. ಮುಂದಿನ ವರ್ಷ ಟರ್ಬೊಗಳನ್ನೇ ನಿಷೇಧಿಸಿದರು.