ಬೆಟ್ಟದಿಂದ ತೋಟಕ್ಕೆ, ತೋಟದಿಂದ ಹೊಳೆಗೆ

ಓದುಗರ ಪತ್ರ: ನಮ್ಮದು ಸಿದ್ದಾಪುರ ತಾಲೂಕು, ಒಂದು ಎಕರೆ ಅಡಿಕೆ ತೋಟ. ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿನಲ್ಲಿ, ಅಂದರೆ ಸೊಪ್ಪಿನ ಬೆಟ್ಟದಲ್ಲಿ, ಈಗ ಮರ ಉಳಿದಿರುವುದು ಎರಡೇ ಎಕರೆಯಲ್ಲಿ. ಅಲ್ಲಿಂದಲೇ ಸೊಪ್ಪು ಸವರುತ್ತೇವೆ, ಬೇಸಿಗೆಯಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸಿ ಕೊಟ್ಟಿಗೆಗೆ ತರುತ್ತೇವೆ. ವರ್ಷದ ರಸಗೊಬ್ಬರವನ್ನೆಲ್ಲ ಮೇ ಕೊನೆಯಲ್ಲಿ ಒಟ್ಟಿಗೆ ಹಾಕುತ್ತೇವೆ. ಹೋದ ವರ್ಷ ಮಿಲ್ಲಿನ ಮರದ ಹೊಟ್ಟನ್ನೂ ಬುಡದ ಮಣ್ಣಿಗೆ ಸೇರಿಸಿದೆವು. ಆದರೂ ಅಡಿಕೆ ಮರದ ಸೋಗೆ (ಗರಿ) ಹಳದಿಯಾಗುತ್ತಿದೆ. ಬೆಟ್ಟದ ಬುಡದ ಒರತೆ ಮೊದಲು ಮಾರ್ಚ್‌ವರೆಗೆ ಹರಿಯುತ್ತಿತ್ತು, ಈಗ ಜನವರಿಗೇ ನಿಲ್ಲುತ್ತದೆ. ಕಾಡಿಗೆ ಯಾರೂ ಗೊಬ್ಬರ ಹಾಕುವುದಿಲ್ಲ, ಅದು ಹಸಿರಾಗಿಯೇ ಇರುತ್ತದಲ್ಲ? ಬೆಟ್ಟದಲ್ಲಿ ಇಂಗುಗುಂಡಿ ತೋಡಿದರೆ ಸರಿಹೋದೀತೇ?

ಸಂಪಾದಕರ ಉತ್ತರ: ಕಾಡಿಗೆ ಗೊಬ್ಬರ ಬೇಡ, ನಿಜ. ಆದರೆ ಅದು ಅಲ್ಲಿಂದ ಏನನ್ನೂ ಹೊರಗೆ ಒಯ್ಯದಿದ್ದಾಗಿನ ಮಾತು. ಮಲೆನಾಡಿನ ಕೆಮ್ಮಣ್ಣು ಸ್ವತಃ ಬಡಮಣ್ಣು. ಲಕ್ಷಾಂತರ ವರ್ಷಗಳ ಮಳೆ ಅದರ ಸುಣ್ಣ, ಪೊಟ್ಯಾಶ್‌ಗಳನ್ನು ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಸಿದೆ. ಅಂಥ ನೆಲದ ಮೇಲೂ ದಟ್ಟ ಕಾಡು ನಿಲ್ಲುವುದಕ್ಕೆ ಕಾರಣ, ಅದರ ಸಾರವೆಲ್ಲ ನಿಂತ ಮರದಲ್ಲಿ, ಬಿದ್ದ ಎಲೆಯಲ್ಲಿ, ಮೇಲಿನ ಒಂದು ಗೇಣು ಮಣ್ಣಿನಲ್ಲಿ ಸುತ್ತುತ್ತಲೇ ಇರುವುದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಉದುರಿದ ಎಲೆ ಮಳೆಗಾಗಿ ಕಾಯುತ್ತದೆ. ಮೊದಲ ಕೆಲವು ಮಳೆಗೇ ಅದರ ಪೊಟ್ಯಾಶ್ ಬಹುಪಾಲು ಕರಗಿ ಇಳಿಯುತ್ತದೆ. ಸಾರಜನಕ, ರಂಜಕ ಹಾಗಲ್ಲ. ಶಿಲೀಂಧ್ರ, ಗೆದ್ದಲು, ಎರೆಹುಳು, ಸೂಕ್ಷ್ಮಜೀವಿಗಳು ಎಲೆಯನ್ನು ಜೀರ್ಣಿಸಿದಂತೆ ನಿಧಾನವಾಗಿ ಬಿಡುಗಡೆಯಾಗುತ್ತವೆ. ದರಕಿನ ಕೆಳಗೇ ಹೆಣೆದುಕೊಂಡಿರುವ ಸಣ್ಣ ಬೇರುಗಳು ಅವನ್ನು ಆಗಲೇ ಹೀರಿಕೊಳ್ಳುತ್ತವೆ, ಹೊಳೆಗೆ ಹೋಗುವುದು ತೀರಾ ಕಡಿಮೆ.

ಬೇರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ಅಳೆದು ನೋಡಿದ್ದಾರೆ. 1965ರ ಚಳಿಗಾಲದಲ್ಲಿ ಅಲ್ಲಿ ಒಂದು ಕಣಿವೆಯ ಮರಗಳನ್ನೆಲ್ಲ ಕಡಿದು, ದಿಮ್ಮಿ ಸಹಿತ ಅಲ್ಲಿಯೇ ಬಿಟ್ಟು, ಮತ್ತೆ ಚಿಗುರದಂತೆ ಕಳೆನಾಶಕ ಹೊಡೆದರು. ಹೊರಗೆ ಏನನ್ನೂ ಸಾಗಿಸಿರಲಿಲ್ಲ. ಆದರೂ ತೊರೆಯ ನೀರಿನ ನೈಟ್ರೇಟ್ (ನೀರಿನಲ್ಲಿ ಕರಗಿ ಬೇರು ಹೀರುವ ರೂಪದ ಸಾರಜನಕ) ಹತ್ತಾರು ಪಟ್ಟು ಏರಿತು. ಕೊಳೆಯುವ ಕೆಲಸ ನಡೆದೇ ಇತ್ತು, ಹೀರುವ ಬೇರು ಮಾತ್ರ ಇರಲಿಲ್ಲ.

ಈಗ ನಿಮ್ಮ ಬೆಟ್ಟದ ಲೆಕ್ಕ ನೋಡೋಣ. 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರ. ಶಿಫಾರಸಿನಂತೆ ಮರಕ್ಕೆ 12 ಕೆಜಿ ಹಸಿಸೊಪ್ಪು ಎಂದರೆ ವರ್ಷಕ್ಕೆ 6.6 ಟನ್. ಸೊಪ್ಪಿನ ಮುಕ್ಕಾಲು ಪಾಲು ನೀರು; ಉಳಿದ ಒಣಭಾಗದಲ್ಲಿ ಸಾರಜನಕ ನೂರಕ್ಕೆ ಎರಡು ಎಂದು ಹಿಡಿಯಿರಿ. ಬೆಟ್ಟದಿಂದ ಪ್ರತಿ ವರ್ಷ 33 ಕೆಜಿ ಸಾರಜನಕ ಹೊರಟಂತಾಯಿತು. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಕೊಟ್ಟಿದ್ದರು. ಒಂಬತ್ತು ಎಕರೆಗೆ ಹಂಚಿದರೆ ಎಕರೆಗೆ ನಾಲ್ಕು ಕೆಜಿಗೂ ಕಡಿಮೆ. ಮಳೆ ನೀರಿನಲ್ಲಿ ಬರುವ ಸಾರಜನಕ, ಗಾಳಿಯದನ್ನು ಹಿಡಿಯುವ ಬ್ಯಾಕ್ಟೀರಿಯಾಗಳು ಅದರ ಬಹುಭಾಗವನ್ನು ತುಂಬಿಕೊಡಬಲ್ಲವು. ನೀವು ಎರಡೇ ಎಕರೆಯಿಂದ ತೆಗೆದರೆ ಎಕರೆಗೆ 16 ಕೆಜಿ ದಾಟುತ್ತದೆ, ಅದರ ಮೇಲೆ ದರಕನ್ನೂ ಗುಡಿಸುತ್ತಿದ್ದೀರಿ. ನಿಮ್ಮ ಬೆಟ್ಟ ವರ್ಷ ವರ್ಷವೂ ಅಸಲನ್ನೇ ಕಳೆದುಕೊಳ್ಳುತ್ತಿದೆ.

ಹಾಗೆ ತಂದ ಸಾರ ತೋಟದಲ್ಲಾದರೂ ನಿಲ್ಲುತ್ತಿದೆಯೇ? ಮೇ ಕೊನೆಗೆ ಹಾಕಿದ ಯೂರಿಯಾ ಕೆಲವೇ ವಾರಗಳಲ್ಲಿ ನೈಟ್ರೇಟ್ ಆಗುತ್ತದೆ. ನಮ್ಮ ಜೇಡಿಕಣಗಳಿಗೆ ನೈಟ್ರೇಟನ್ನು ಹಿಡಿದಿಡುವ ಶಕ್ತಿ ಹೆಚ್ಚಿಲ್ಲ. ಜೂನ್, ಜುಲೈ ಮಳೆ ಅದನ್ನು ಬಸಿಗಾಲುವೆಗೆ ಇಳಿಸುತ್ತದೆ. ವಾಡಿಕೆಯ ಶಿಫಾರಸು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್: ಅಂದರೆ ಸುಮಾರು 220 ಗ್ರಾಂ ಯೂರಿಯಾ, 200 ಗ್ರಾಂ ಶಿಲಾರಂಜಕ, 235 ಗ್ರಾಂ ಮ್ಯುರಿಯೇಟ್ ಆಫ್ ಪೊಟ್ಯಾಶ್. ಮೂರನೇ ಒಂದು ಭಾಗ ಬೇಸಿಗೆ ಮಳೆ ಬಿದ್ದ ಮೇಲೆ ಏಪ್ರಿಲ್-ಮೇ ತಿಂಗಳಲ್ಲಿ, ಉಳಿದದ್ದು ಮಳೆ ಇಳಿದ ಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೊಡಿ. ಬುಡಕ್ಕೆ ಸುರಿಯಬೇಡಿ, ಮುಕ್ಕಾಲರಿಂದ ಒಂದು ಮೀಟರ್ ದೂರದವರೆಗೆ ಹರಡಿ ಮಣ್ಣು ಮುಚ್ಚಿ. ಹುಳಿಮಣ್ಣಾದರೆ ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕೆಜಿ ಸುಣ್ಣ. ಸುಣ್ಣಕ್ಕೂ ಯೂರಿಯಾಕ್ಕೂ ಮೂರು ವಾರವಾದರೂ ಅಂತರವಿರಲಿ, ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಮರದ ಹೊಟ್ಟಿನಿಂದ ಆದ ತೊಂದರೆ ಬೇರೆ ಬಗೆಯದು. ಅದರಲ್ಲಿ ಒಂದು ಪಾಲು ಸಾರಜನಕಕ್ಕೆ ಇನ್ನೂರಕ್ಕೂ ಹೆಚ್ಚು ಪಾಲು ಇಂಗಾಲ ಇರುತ್ತದೆ. ಈ ಅನುಪಾತ ಮೂವತ್ತನ್ನು ಮೀರಿದ ಯಾವುದನ್ನೇ ಮಣ್ಣಿಗೆ ಬೆರೆಸಿ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಅಷ್ಟು ಕಾಲ ಮರಕ್ಕೆ ಉಪವಾಸ. ಹೊಟ್ಟನ್ನು ಮೊದಲು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಕಿ, ಸಗಣಿ ಗಂಜಳ ಹೀರಿಸಿ, ಗೊಬ್ಬರಗುಂಡಿಯಲ್ಲಿ ಪೂರ್ತಿ ಕಳಿತ ಮೇಲೆ ತೋಟಕ್ಕೆ ಒಯ್ಯಿರಿ. ಅಡಿಕೆ ಸಿಪ್ಪೆಗೂ ಇದೇ ಕ್ರಮ. ಸಿಪ್ಪೆಯ ರಾಶಿ ಮಳೆಗೆ ತೆರೆದು ಬಿದ್ದಿದ್ದರೆ ಅದರಿಂದ ಇಳಿಯುವ ಕಂದು ನೀರಿನಲ್ಲಿ ಪೊಟ್ಯಾಶ್ ಹೋಗುತ್ತಿದೆ ಎಂದೇ ತಿಳಿಯಿರಿ. ಮೇಲೆ ಸೋಗೆಯ ಮಾಡು ಹಾಕಿ.

ಹಳದಿಗೆ ಇದೊಂದೇ ಕಾರಣ ಎಂದು ಪತ್ರ ಓದಿ ಹೇಳಲಾಗದು. ಕೆಳಗಿನ ಹಳೆಯ ಸೋಗೆ ಮೊದಲು ಒಂದೇ ಸಮನೆ ಬಿಳಚಿದರೆ ಸಾರಜನಕದ ಕೊರತೆ ಇರಬಹುದು. ಬಸಿಗಾಲುವೆ ಹೂತು ಬೇರಿನಲ್ಲಿ ನೀರು ನಿಂತರೂ ಹಳದಿಯೇ. ಎಲೆಯ ತುದಿಯಿಂದ ಹಳದಿ ಇಳಿದು, ಬೇರಿನ ತುದಿ ಕಪ್ಪಾಗಿ ಕೊಳೆತು, ಕಾಯಿ ಉದುರಿ, ಒಳಗಿನ ಅಡಿಕೆ ಕಂದಿದ್ದರೆ ಹಳದಿ ಎಲೆ ರೋಗದ ಶಂಕೆ. ಅದು ಗೊಬ್ಬರಕ್ಕೆ ಬಗ್ಗದು, ತಜ್ಞರಿಗೆ ತೋರಿಸಲೇಬೇಕು.

ಇನ್ನು ಒರತೆ. ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ನಾಲ್ಕು ಸಾವಿರ ಲೀಟರ್, 2500 ಮಿ.ಮೀ. ಬಿದ್ದರೆ ಎಕರೆಗೆ ಒಂದು ಕೋಟಿ ಲೀಟರ್, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮರವೂ ನೀರು ಕುಡಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಕುಡಿಯುತ್ತದೆ, ಹಬ್ಬರ್ಡ್ ಬ್ರೂಕ್‌ನಲ್ಲೂ ಕಡಿದ ಮೊದಲ ವರ್ಷ ತೊರೆಯ ನೀರು ಸುಮಾರು ನೂರಕ್ಕೆ ನಲವತ್ತರಷ್ಟು ಹೆಚ್ಚಿತ್ತು. ಆದರೆ ನಮಗೆ ಬೇಕಾದದ್ದು ಜುಲೈ ನೀರಲ್ಲ, ಮಾರ್ಚ್ ನೀರು. ದರಕಿನ ಹೊದಿಕೆ ಇದ್ದಲ್ಲಿ ಹನಿಯ ಪೆಟ್ಟು ಮಣ್ಣಿಗೆ ತಾಗದು, ಎರೆಹುಳು, ಗೆದ್ದಲು ಮಾಡಿದ ರಂಧ್ರ ತೆರೆದೇ ಇರುತ್ತವೆ, ನೀರು ಇಳಿದು ತಿಂಗಳುಗಟ್ಟಲೆ ತಡೆದು ಒರತೆಗೆ ಬರುತ್ತದೆ. ಗುಡಿಸಿದ ನೆಲದಲ್ಲಿ ಹನಿಯ ಹೊಡೆತಕ್ಕೆ ಸಣ್ಣ ಮಣ್ಣು ಎದ್ದು ಆ ರಂಧ್ರಗಳನ್ನು ಮುಚ್ಚುತ್ತದೆ. ನೀರು ಮೇಲ್ಮಣ್ಣನ್ನೂ ಹೊತ್ತುಕೊಂಡು ಓಡುತ್ತದೆ. ನಿಮ್ಮ ಒರತೆ ಬೇಗ ನಿಲ್ಲುವುದಕ್ಕೂ ಗುಡಿಸಿದ ಈ ದರಕಿಗೂ ಸಂಬಂಧವಿರಬಹುದು.

ಆದ್ದರಿಂದ ಮೊದಲು ಇಂಗುಗುಂಡಿಯಲ್ಲ, ಪೊರಕೆ ಕೆಳಗಿಡುವುದು. ಬೆಟ್ಟವನ್ನು ನಾಲ್ಕು ಭಾಗ ಮಾಡಿ, ವರ್ಷಕ್ಕೆ ಒಂದೇ ಭಾಗದಲ್ಲಿ ಸವರಿ. ಕೆಳಗಿನ ಕೊಂಬೆ ಮಾತ್ರ ಸವರಿ, ತುದಿ ಮುಟ್ಟಬೇಡಿ. ಬೆಂಕಿ ಬೀಳದಂತೆ ಜನವರಿಯಲ್ಲೇ ಸುತ್ತ ಬೆಂಕಿಗೆರೆ ತೆಗೆಯಿರಿ. ಕಡಿಮೆಯಾಗುವ ಸೊಪ್ಪಿಗೆ ತೋಟದ ಬೇಲಿಯಲ್ಲಿ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಗೂಟ ನೆಡಿ; ಬೇರೂರಿದ ಮೇಲೆ ವರ್ಷಕ್ಕೆ ಎರಡು ಸಲ ಸವರಬಹುದು, ಗಾಳಿಯ ಸಾರಜನಕವನ್ನು ಅದೇ ತರುತ್ತದೆ. ಬಸಿಗಾಲುವೆಯಲ್ಲಿ ಕೂತ ಗೋಡುಮಣ್ಣನ್ನು ಹೊರಗೆ ಎಸೆಯದೆ ಮರದ ಬುಡಕ್ಕೇ ಏರಿಸಿ.

ಇಂಗುಗುಂಡಿ ಬೇಕೆಂದರೆ ಇಳಿಜಾರು ಕಡಿಮೆ ಇರುವಲ್ಲಿ ಮಾತ್ರ: ಅರ್ಧ ಮೀಟರ್ ಅಗಲ, ಅಷ್ಟೇ ಆಳ, ಮೂರು ನಾಲ್ಕು ಮೀಟರ್ ಉದ್ದ, ಮೇಲಿನ ಸಾಲಿನ ಎರಡು ಗುಂಡಿಗಳ ನಡುವಿನ ಜಾಗಕ್ಕೆ ಕೆಳಸಾಲಿನ ಗುಂಡಿ ಬರುವಂತೆ. ತೋಟ ಅಥವಾ ಮನೆಯ ನೆತ್ತಿಯ ಮೇಲಿನ ಕಡಿದಾದ ಧರೆಯಲ್ಲಿ ಖಂಡಿತ ಬೇಡ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಭಾರಿ ಮಳೆಗೆ ಗುಡ್ಡ ಜರಿದು ತೋಟಗಳು ಹೋದದ್ದನ್ನು ನೀವೂ ಬಲ್ಲಿರಿ. ನೀರು ಕುಡಿದು ಭಾರವಾದ ಇಳಿಜಾರಿಗೆ ನಾವಾಗಿ ಇನ್ನಷ್ಟು ನೀರು ಇಳಿಸಬಾರದು.

ಬರುವ ನವೆಂಬರ್‌ನಲ್ಲಿ ಒಂದು ಪರೀಕ್ಷೆ ಮಾಡಿ. ತಳ ತೆಗೆದ ಒಂದೇ ಅಳತೆಯ ತಗಡಿನ ಡಬ್ಬಿಗಳನ್ನು ದರಕು ಇರುವ ಮೂರು ಕಡೆ, ಗುಡಿಸಿದ ಮೂರು ಕಡೆ ಎರಡು ಬೆರಳು ಆಳಕ್ಕೆ ಒತ್ತಿ. ಮೊದಲು ಒಂದು ಲೀಟರ್ ನೀರು ಹಾಕಿ ನೆನೆಸಿ, ಆಮೇಲೆ ಇನ್ನೊಂದು ಲೀಟರ್ ಸುರಿದು ಇಂಗಲು ಎಷ್ಟು ನಿಮಿಷ ಹಿಡಿಯಿತು ಬರೆದಿಡಿ. ಆ ಅಂಕಿಗಳ ಜೊತೆ ತೋಟದ ಮಣ್ಣು ಪರೀಕ್ಷೆಯ ವರದಿಯನ್ನೂ ಕಳಿಸಿದರೆ ಸುಣ್ಣ, ಗೊಬ್ಬರದ ಪ್ರಮಾಣವನ್ನು ನಿಮ್ಮ ಮಣ್ಣಿಗೇ ಸರಿಯಾಗಿ ಲೆಕ್ಕ ಹಾಕಿ ತಿಳಿಸುತ್ತೇವೆ.