ಸಲಮಾಂಕಾಕ್ಕೆ ಹೊರಟ ತಂಗಿಗೆ

"ಅಕ್ಕಾ, ಅಲ್ಲಿ ನನಗೆ ಫ್ರೆಂಡ್ಸ್ ಸಿಗ್ತಾರಾ? ಸುತ್ತಾಡೋಕೆ, ಮಜಾ ಮಾಡೋಕೆ ಆಗತ್ತಾ? ಇಲ್ಲ ವರ್ಷಪೂರ್ತಿ ಲೈಬ್ರರಿ, ರೂಮು ಅಂತಲೇ ಕಳೀಬೇಕಾ?" ಎಂದು ಸಾಗರದಿಂದ ಬರೆದಿದ್ದೀಯ. ಸೆಪ್ಟೆಂಬರ್‌ನಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಮಾಸ್ಟರ್ಸ್ ಸೇರುತ್ತೀ, ಬೆಂಗಳೂರಲ್ಲಿ ಸ್ವಲ್ಪ ಸ್ಪ್ಯಾನಿಷ್ ಕಲಿತಿದ್ದೀ, ಮೀನು ಮಾಂಸ ತಿನ್ನುವುದಿಲ್ಲ, ಮನೆ ಬಿಟ್ಟು ಇಷ್ಟು ದೂರ ಹೊರಟಿದ್ದು ಇದೇ ಮೊದಲು. ಓದಿದಾಗ ನನಗೆ ನನ್ನದೇ ಹಳೆಯ ಕಾಗದ ಓದಿದ ಹಾಗಾಯಿತು. 2009ರ ಸೆಪ್ಟೆಂಬರ್‌ನಲ್ಲಿ ತೀರ್ಥಹಳ್ಳಿ ಬಿಟ್ಟು ಇದೇ ಊರಿಗೆ ಬಂದವಳು ನಾನು. ಓದು ಮುಗಿಸಿದೆ, ಕೆಲಸ ಸಿಕ್ಕಿತು, ಇಲ್ಲೇ ಉಳಿದೆ. ಆಗ ಹೀಗೆ ಕೇಳಲು ನನಗೆ ಯಾರೂ ಇರಲಿಲ್ಲ. ಅದಕ್ಕೇ ಕೂತು ಉದ್ದಕ್ಕೆ ಬರೆಯುತ್ತಿದ್ದೇನೆ.

ಕಾಗದಪತ್ರದ ವಿಷಯ ಬೇಗ ಮುಗಿಸಿಬಿಡುತ್ತೇನೆ. ಬಂದ ಕೂಡಲೇ ನಗರಸಭೆಯಲ್ಲಿ ವಿಳಾಸ ನೋಂದಾಯಿಸು. ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಕಾರ್ಡಿಗೆ ಅರ್ಜಿ ಹಾಕು. ಅದರ ಅಪಾಯಿಂಟ್‌ಮೆಂಟ್ ಸುಲಭಕ್ಕೆ ಸಿಗುವುದಿಲ್ಲ, ಇಳಿದ ದಿನವೇ ಹುಡುಕಲು ಶುರು ಮಾಡು. ವಿದ್ಯಾರ್ಥಿಗಳು ವಾರಕ್ಕೆ 30 ಗಂಟೆವರೆಗೆ ದುಡಿಯಬಹುದು. ಆದರೆ ಆ ದುಡ್ಡನ್ನೇ ನಂಬಿಕೊಂಡು ಬರಬೇಡ. ರೂಮು ನೋಡುವಾಗ ಕಿಟಕಿ ಬೀದಿಗೆ ತೆರೆಯುತ್ತದಾ, ಹೀಟಿಂಗ್ ಹೇಗಿದೆ ಎಂದು ತಪ್ಪದೆ ಕೇಳು. ಊರು ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಮೇಲಿದೆ, ಜನವರಿಯ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಮಲೆನಾಡಿನ ಸ್ವೆಟರ್ ಇಲ್ಲಿ ಸಾಲುವುದಿಲ್ಲ. ದಪ್ಪ ಕೋಟನ್ನು ಇಲ್ಲಿಗೆ ಬಂದೇ ಕೊಂಡುಕೋ.

ಈಗ ಸ್ನೇಹದ ಮಾತು.

ಮೊದಲ ತಿಂಗಳು ಸ್ನೇಹಿತರು ತಾವಾಗೇ ಬರುತ್ತಾರೆ. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇದು, ಇಡೀ ಊರೇ ವಿದ್ಯಾರ್ಥಿಗಳದ್ದು. ಎರಾಸ್ಮುಸ್ ಯೋಜನೆಯಲ್ಲಿ ಯುರೋಪಿನ ಬೇರೆ ಬೇರೆ ದೇಶದಿಂದ ಆರು ತಿಂಗಳಿಗೋ ವರ್ಷಕ್ಕೋ ಓದಲು ಬಂದವರು ಎಲ್ಲ ಕಡೆ ಇರುತ್ತಾರೆ. ಅವರಿಗೂ ಊರು ಹೊಸದು, ಭಾಷೆ ಅರ್ಧಂಬರ್ಧ, ಸಂಜೆಗೆ ಜೊತೆ ಬೇಕು. "ಗಡಿಯಾರದ ಕೆಳಗೆ ಸಿಗೋಣ" ಎಂದರೆ ಸಾಕು, ಪ್ಲಾಸಾ ಮಯೋರ್ ಚೌಕದ ಗಡಿಯಾರದ ಕೆಳಗೆ ಎಂದು ಎಲ್ಲರಿಗೂ ಗೊತ್ತು. 1755ರಲ್ಲಿ ಕಟ್ಟಿ ಮುಗಿಸಿದ ಚೌಕ ಅದು. ಸಂಜೆಯ ಬಿಸಿಲಿಗೆ ಅದರ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಇಷ್ಟು ವರ್ಷವಾದರೂ ಆ ಹೊತ್ತಿಗೆ ನಾನು ಅಲ್ಲಿ ಒಂದು ಸುತ್ತು ಹಾಕದೆ ಮನೆಗೆ ಹೋಗುವುದಿಲ್ಲ.

ನಮ್ಮ ಗುಂಪಿನಲ್ಲಿ ಇಟಲಿಯ ಇಬ್ಬರು, ಪೋಲೆಂಡಿನ ಒಬ್ಬಳು, ಬ್ರೆಜಿಲ್‌ನ ಒಬ್ಬ, ನಾನು. ವಿಶ್ವವಿದ್ಯಾಲಯದ ಹಳೆಯ ಮುಂಬಾಗಿಲಿನ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕೂತ ಪುಟ್ಟ ಕಪ್ಪೆಯೊಂದಿದೆ. ಯಾರ ಸಹಾಯವಿಲ್ಲದೆ ಅದನ್ನು ಕಂಡವರು ಪರೀಕ್ಷೆ ಪಾಸಾಗುತ್ತಾರೆಂದು ಇಲ್ಲಿನವರ ನಂಬಿಕೆ. ಅದು ಎಲ್ಲಿದೆ ಎಂದು ನಿನಗೆ ಹೇಳುವುದಿಲ್ಲ, ನೀನೇ ಹುಡುಕು. ಹೊಸ ಕೆಥೆಡ್ರಲ್‌ನ ಬಾಗಿಲಲ್ಲಿ ಗಗನಯಾತ್ರಿಯೊಬ್ಬನಿದ್ದಾನೆ, 1992ರ ಜೀರ್ಣೋದ್ಧಾರದಲ್ಲಿ ಕೆತ್ತಿದ್ದು. ಡಿಸೆಂಬರ್ ನಡುವೆ, ಎಲ್ಲರೂ ರಜೆಗೆ ಊರಿಗೆ ಹೊರಡುವ ಮುಂಚೆ, ವಿದ್ಯಾರ್ಥಿಗಳು ಪ್ಲಾಸಾ ಮಯೋರ್ ಚೌಕದಲ್ಲೇ ಸೇರಿ ತಮ್ಮದೇ ಹೊಸ ವರ್ಷ ಆಚರಿಸುತ್ತಾರೆ. ಸ್ಪೇನಿನವರು ಡಿಸೆಂಬರ್ 31ರ ಮಧ್ಯರಾತ್ರಿ ಗಂಟೆಯ ಹೊಡೆತಕ್ಕೊಂದರಂತೆ 12 ದ್ರಾಕ್ಷಿ ತಿನ್ನುತ್ತಾರಲ್ಲ, ಇವರು ದ್ರಾಕ್ಷಿಯ ಬದಲು ಜೆಲ್ಲಿ ಮಿಠಾಯಿ ತಿನ್ನುತ್ತಾರೆ. ಅದರಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಾಟಿನ್ ಇರುತ್ತದೆ, ನೀನು ದ್ರಾಕ್ಷಿಯನ್ನೇ ತಗೊಂಡು ಹೋಗು.

ಈಸ್ಟರ್ ಕಳೆದು ಎಂಟು ದಿನಕ್ಕೆ ಬರುವ ಸೋಮವಾರ ಲೂನೆಸ್ ದೆ ಆಗ್ವಾಸ್ ಎಂಬ ಹಬ್ಬ. ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡ. ಎರಡನೆಯ ಫೆಲಿಪೆ ದೊರೆಯ ಕಾಲದಲ್ಲಿ ಈಸ್ಟರ್‌ಗೆ ಮೊದಲಿನ ವ್ರತದ ದಿನಗಳಲ್ಲಿ ವೇಶ್ಯೆಯರನ್ನು ಹೊಳೆಯಾಚೆ ಕಳಿಸುತ್ತಿದ್ದರಂತೆ. ಅವರು ತಿರುಗಿ ಬರುವ ದಿನ ವಿದ್ಯಾರ್ಥಿಗಳು ದಡದಲ್ಲಿ ಕಾದಿದ್ದು ಹಬ್ಬ ಮಾಡುತ್ತಿದ್ದರಂತೆ. ಈಗ ಅಜ್ಜ ಅಜ್ಜಿ ಮೊಮ್ಮಕ್ಕಳೆಲ್ಲ ಬುತ್ತಿ ಕಟ್ಟಿಕೊಂಡು ತೋರ್ಮೆಸ್ ಹೊಳೆ ದಡಕ್ಕೆ ಹೋಗಿ ಕೂರುತ್ತಾರೆ. ಅವತ್ತಿನ ತಿಂಡಿ ಒರ್ನಾಸೊ, ಒಳಗೆಲ್ಲ ಹಂದಿಮಾಂಸ. ನಾನು ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಪಕ್ಕದ ಚಾದರದಲ್ಲಿ ಕೂತಿದ್ದ, ಗುರುತೇ ಇಲ್ಲದ ಕುಟುಂಬದವರು ರುಚಿ ನೋಡಿ ಡಬ್ಬಿ ಖಾಲಿ ಮಾಡಿದರು. ನನಗೆ ಹೆಮ್ಮೆಯಾಯಿತು, ಈಗಲೂ ಇದೆ.

ಊಟದ ಬಗ್ಗೆ ಕೇಳಿದ್ದೀಯ. ತರಕಾರಿ ಎಂದು ಬರೆದ ಬ್ರೆಡ್ಡಿನಲ್ಲಿ ಟ್ಯೂನಾ ಮೀನು ಇರುವುದು ಇಲ್ಲಿ ಮಾಮೂಲು. ಬೇಳೆ ಸಾರು ಎಂದು ಕೊಟ್ಟದ್ದರಲ್ಲಿ ಚೊರೀಸೊ, ಅಂದರೆ ಹಂದಿಮಾಂಸದ ಸಾಸೇಜು ಇರುತ್ತದೆ. "ಮಾಂಸ ಬೇಡ" ಎಂದರೆ ಸಾಲದು, "ಹ್ಯಾಮ್ ಬೇಡ, ಮೀನೂ ಬೇಡ" ಎಂದು ಬಿಡಿಸಿ ಹೇಳು. ಮೊಟ್ಟೆ ತಿನ್ನುವುದಾದರೆ ತೋರ್ತಿಯಾ ಎಂಬ ಆಲೂಗಡ್ಡೆಯ ಆಮ್ಲೆಟ್ ನಿನ್ನನ್ನು ಕಾಪಾಡುತ್ತದೆ. ಕುಡಿಯದವರು ಬಾರಿಗೆ ಹೋಗಬಾರದೆಂದೇನಿಲ್ಲ. ಬಾರು ಇಲ್ಲಿ ನಮ್ಮ ಕಡೆಯ ಬಾರಿನಂಥದಲ್ಲ, ಕೂಸನ್ನು ಎತ್ತಿಕೊಂಡು ಬರುವವರೂ ಇದ್ದಾರೆ. ಮೊಸ್ತೊ ಕೇಳು, ದ್ರಾಕ್ಷಿ ರಸ. ಪರಿಚಯವಾದ ಕೂಡಲೇ ಹೆಂಗಸರು ಗಂಡಸರೆನ್ನದೆ ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ, ಎರಡೂ ಕಡೆ. ಗಾಬರಿಯಾಗಬೇಡ. ರಾತ್ರಿ ಊಟ ಹತ್ತಕ್ಕೆ, ಹೊರಗೆ ಹೊರಡುವುದು ಹನ್ನೆರಡಕ್ಕೆ. ತಡವಾಗಿ ನಡೆದು ಮನೆಗೆ ಹೋಗುವುದು ಇಲ್ಲಿ ಸಹಜ. ಆದರೂ ಒಬ್ಬಳೇ ಹೊಳೆ ದಡದ ದಾರಿ ಹಿಡಿಯಬೇಡ, ಮನೆ ತಲುಪಿದ ಮೇಲೆ ಗೆಳತಿಯರಿಗೊಂದು ಮೆಸೇಜು ಹಾಕು.

ನನಗೆ ಕಷ್ಟವಾದದ್ದು ಜೂನ್ ತಿಂಗಳು. ಪರೀಕ್ಷೆ ಮುಗಿಯುತ್ತಿದ್ದಂತೆ ಎರಾಸ್ಮುಸ್‌ನವರೆಲ್ಲ ಗಂಟುಮೂಟೆ ಕಟ್ಟಿದರು. ಒಬ್ಬೊಬ್ಬರನ್ನೇ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದೆ. ಅಪ್ಪಿಕೊಂಡು ಅತ್ತೆವು, ಬರುವ ವರ್ಷ ಪೋಲೆಂಡಿನಲ್ಲಿ ಸೇರೋಣ ಎಂದೆವು. ಜುಲೈಗೆ ಊರೇ ಬರಿದು. ಒಂಬತ್ತು ತಿಂಗಳು ಸುತ್ತಲೂ ಸ್ನೇಹಿತರಿದ್ದವಳು ಗಡಿಯಾರದ ಕೆಳಗೆ ನಿಂತರೆ ಬರುವವರೇ ಇಲ್ಲ. ನಿನಗೂ ಹೀಗಾಗುತ್ತದೆ, ಮೊದಲೇ ಹೇಳಿರುತ್ತೇನೆ. ಆ ಸ್ನೇಹ ಸುಳ್ಳೆಂದು ನಾನು ಹೇಳುವುದಿಲ್ಲ, ಪೋಲೆಂಡಿನವಳು ಇವತ್ತಿಗೂ ನನ್ನವಳೇ. ಆದರೆ ಬರೀ ಹೊರಟು ಹೋಗುವವರ ಜೊತೆ ವರ್ಷ ಕಳೆದರೆ ಹಿಂದೆ ಉಳಿಯುವವರು ಯಾರು ಎಂದು ಅಕ್ಟೋಬರ್‌ನಲ್ಲೇ ಯೋಚಿಸು.

ಉಳಿಯುವವರು ಇಲ್ಲಿನವರು. ಅವರ ಸ್ನೇಹ ನಿಧಾನ. ಅವರಿಗೆ ಒಂದನೇ ಕ್ಲಾಸಿನಿಂದ ಬಂದ ಗೆಳೆಯರ ಗುಂಪು ಇರುತ್ತದೆ, ಹೊಸಬರಿಗಾಗಿ ಅವರೇನೂ ಕಾಯುತ್ತಿರುವುದಿಲ್ಲ. ನಮ್ಮಲ್ಲಿ ಎರಡನೇ ಭೇಟಿಗೆ ಮನೆಗೆ ಕರೆದು ಕಾಫಿ ಕೊಡುತ್ತೇವೆ, ಮೂರನೆಯದಕ್ಕೆ ಅಡುಗೆಮನೆಗೇ ಬಂದು ಕೂರುತ್ತಾರೆ. ಇಲ್ಲಿ ವರ್ಷಗಟ್ಟಲೆ ಪರಿಚಯವಿದ್ದರೂ ಸಿಗುವುದು ಬೀದಿಯಲ್ಲಿ, ಬಾರಿನಲ್ಲಿ. ಮನೆಗೆ ಕರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ, ಅದು ಬೇಡವೆಂಬ ಸೂಚನೆಯಲ್ಲ.

ನನಗೆ ಬಾಗಿಲು ತೆರೆದದ್ದು ಇಸ್ಪೀಟು. ಮೂಸ್ ಎಂಬ ಆಟ, ನಾಲ್ಕು ಜನ, ಎದುರುಬದುರು ಕೂತವರು ಜೋಡಿ. ಕಾಲೇಜಿನ ಕೆಫೆಟೇರಿಯಾದಲ್ಲಿ ಮಧ್ಯಾಹ್ನವೆಲ್ಲ ಅದೇ. ಕೈಯಲ್ಲಿರುವ ಎಲೆಯನ್ನು ಜೊತೆಗಾರನಿಗೆ ಮುಖದ ಸನ್ನೆಯಲ್ಲೇ ತಿಳಿಸಬೇಕು: ಎರಡು ರಾಜ ಇದ್ದರೆ ಕೆಳದುಟಿ ಕಚ್ಚು, ಎರಡು ಎಕ್ಕ ಇದ್ದರೆ ನಾಲಿಗೆ ತುದಿ ತೋರಿಸು. ಸನ್ನೆ ಮಾಡುವುದು ನಿಯಮವೇ, ಎದುರಾಳಿ ಕಣ್ಣಿಗೆ ಬೀಳದಂತೆ ಮಾಡುವುದು ಜಾಣತನ. ಒಂದು ದಿನ ನಾಲ್ಕನೆಯವರು ಬೇಕಾಗಿತ್ತು, ನನ್ನ ಕ್ಲಾಸಿನ ಹುಡುಗಿಯೊಬ್ಬಳು "ಬಾ, ಕಲಿಸ್ತೀನಿ" ಎಂದು ಕೂರಿಸಿಕೊಂಡಳು. ಭಾಷೆ ಸಾಲದಿದ್ದರೂ ತುಟಿ ಕಚ್ಚಲು ಬರುತ್ತಿತ್ತು. ಗ್ರಾಮರ್ ಪುಸ್ತಕದಲ್ಲಿ ಇಲ್ಲದ ಎಷ್ಟೋ ಸ್ಪ್ಯಾನಿಷ್ ಆ ಮೇಜಿನಲ್ಲಿ ಕಲಿತೆ. ಆಟ ಗೊತ್ತಿಲ್ಲವೆಂದು ದೂರ ನಿಲ್ಲಬೇಡ, ಕಲಿಸುವುದು ಅವರಿಗೆ ಇಷ್ಟ.

ಆ ಬೇಸಿಗೆ ನಾನು ಒಬ್ಬಳೇ ಉಳಿದಿರುವುದು ಗೊತ್ತಾಗಿ ಅವಳು ತನ್ನ ಹಳ್ಳಿಗೆ ಕರೆದುಕೊಂಡು ಹೋದಳು. ಸಮೋರಾ ಪ್ರಾಂತ್ಯದ ಸಯಾಗೊ ಸೀಮೆ, ಪೋರ್ಚುಗಲ್ ಗಡಿ. ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟಿದ ಬೇಲಿಗಳು, ಕುರಿ, ಓಕ್ ಮರ. ದುವೆರೊ ನದಿ ಅಲ್ಲಿ ಆಳದ ಕಂದರದಲ್ಲಿ ಹರಿಯುತ್ತದೆ, ಮೇಲೆ ರಣಹದ್ದು ಸುತ್ತುತ್ತವೆ. ಅಣೆಕಟ್ಟಿನ ಮೇಲೆ ಕಾರಿನಲ್ಲಿ ದಾಟಿದರೆ ಪೋರ್ಚುಗಲ್‌ನ ಮಿರಾಂಡಾ, ಗಡಿಯಾರ ಒಂದು ಗಂಟೆ ಹಿಂದೆ. ಕಾಫಿ ಕುಡಿದು ತಿರುಗಿ ಬರುತ್ತಿದ್ದೆವು.

2010ರ ಜುಲೈ 11, ವಿಶ್ವಕಪ್ ಫುಟ್‌ಬಾಲ್ ಫೈನಲ್. ಸ್ಪೇನ್ ತಂಡದ ಕೋಚ್ ದೆಲ್ ಬೋಸ್ಕೆ ಸಲಮಾಂಕಾದವರೇ, ಹಾಗಾಗಿ ನನಗೂ ನಮ್ಮೂರ ಅಭಿಮಾನ. ಇಡೀ ಹಳ್ಳಿ ಆ ಒಂದೇ ಬಾರಿನಲ್ಲಿ. ಆಗಿನ್ನೂ ಬಾರೊಳಗೆ ಸಿಗರೇಟು ಸೇದಬಹುದಿತ್ತು, ಹೊಗೆಯಲ್ಲಿ ಟಿವಿ ಸರಿಯಾಗಿ ಕಾಣುತ್ತಿರಲಿಲ್ಲ. ಗೆಳತಿಯ ಅಜ್ಜಿ ನನ್ನ ಕೈ ಬಿಗಿಯಾಗಿ ಹಿಡಿದು ಕೂತಿದ್ದರು. 116ನೇ ನಿಮಿಷದಲ್ಲಿ ನಮ್ಮ ಇನಿಯೆಸ್ತಾ ಗೋಲು ಹೊಡೆದಾಗ ಕಿರುಚಾಟಕ್ಕೆ ಕಿವಿ ಗುಂಯ್ ಎಂದಿತು. ಆಮೇಲೆ ಹುಡುಗರು ಹುಡುಗಿಯರೆಲ್ಲ ದನ ನೀರು ಕುಡಿಯುವ ಕಲ್ಲಿನ ತೊಟ್ಟಿಗೆ ಹಾರಿದರು, ನನ್ನನ್ನೂ ಎಳೆದರು. ಒದ್ದೆ ಚೂಡಿದಾರದಲ್ಲಿ ಮನೆಗೆ ಬಂದ ನನಗೆ ಅಜ್ಜಿ ತಮ್ಮ ಫ್ಲಾನೆಲ್ ನೈಟಿ ಕೊಟ್ಟರು.

ಆಗಸ್ಟ್‌ನಲ್ಲಿ ಅಲ್ಲಿನ ಹಬ್ಬಕ್ಕೆ ಮತ್ತೆ ಹೋದೆ. ನಮ್ಮೂರ ತೇರಿಗೆ ಬೆಂಗಳೂರಿನವರೆಲ್ಲ ಬಂದಿಳಿಯುವಂತೆ ಮಾಡ್ರಿಡ್, ಬಾರ್ಸಿಲೋನಾ ಸೇರಿದವರೆಲ್ಲ ಬರುತ್ತಾರೆ. ಚೌಕದಲ್ಲಿ ದೊಡ್ಡ ಬಾಣಲೆಯಲ್ಲಿ ಊರಿಗೆಲ್ಲ ಪಾಯೆಯ್ಯಾ ಎಂಬ ಅನ್ನದ ಅಡುಗೆ, ಬೆಳಗಿನ ಜಾವದವರೆಗೆ ವಾದ್ಯ, ಕುಣಿತ. ಸ್ನೇಹಿತರ ಗುಂಪುಗಳು ಒಂದೇ ಬಣ್ಣದ ಟೀ ಶರ್ಟ್ ಹಾಕುತ್ತವೆ, ನನಗೂ ಒಂದು ಹೊಲಿಸಿಟ್ಟಿದ್ದರು. ಉಳಿದ ಹನ್ನೊಂದು ತಿಂಗಳು ಆ ಹಳ್ಳಿಯಲ್ಲಿ ಮುದುಕರು ಮಾತ್ರ. ಸ್ಪೇನಿನಲ್ಲಿ ವಯಸ್ಸಾದವರೇ ಹೆಚ್ಚಿರುವ ಪ್ರಾಂತ್ಯಗಳಲ್ಲಿ ಸಮೋರಾ ಒಂದು. ಹೊಸಬಳೊಬ್ಬಳು ಬಂದು ಕೂತರೆ ಅವರಿಗೆಷ್ಟು ಸಂತೋಷ ಎಂಬುದನ್ನು ಬರೆದು ತಿಳಿಸುವುದು ಕಷ್ಟ. ಮಾಡ್ರಿಡ್‌ನ ಪ್ರಾದೊ ಮ್ಯೂಸಿಯಂ ಯಾವಾಗ ಬೇಕಾದರೂ ನೋಡಬಹುದು. ಯಾರಾದರೂ "ನಮ್ಮ ಹಳ್ಳಿಗೆ ಬರ್ತೀಯಾ" ಎಂದರೆ ಹೂಂ ಅನ್ನು, ಅವತ್ತೇ ಹೊರಡು.

ಆ ಅಜ್ಜಿಯ ವಿಷಯ ಹೇಳದೆ ಈ ಉತ್ತರ ಮುಗಿಯುವುದಿಲ್ಲ. ನಾನು ಹೋದಾಗಲೆಲ್ಲ ಅರ್ಮುಞಾ ಸೀಮೆಯ ಬೇಳೆಯನ್ನು ನನಗೆಂದೇ ಬೇರೆ ಪಾತ್ರೆಯಲ್ಲಿ, ಚೊರೀಸೊ ಹಾಕದೆ ಬೇಯಿಸುತ್ತಿದ್ದರು. ಊರಿಗೆ ಹೋಗಿ ಬರುವಾಗ ಅಮ್ಮ ಅವರಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಡುತ್ತಿದ್ದಳು, ಅಜ್ಜಿ ಅದನ್ನು ಕುರಿಹಾಲಿನ ಚೀಸಿನ ಜೊತೆ ತಿನ್ನುತ್ತಿದ್ದರು. ಅಮ್ಮನಿಗೆಂದು ಉಣ್ಣೆಯ ಶಾಲು ಹೆಣೆದು ಕಳಿಸಿದರು. ಸ್ಕೈಪಿನಲ್ಲಿ ಅಮ್ಮ ಕನ್ನಡದಲ್ಲಿ, ಅಜ್ಜಿ ಸ್ಪ್ಯಾನಿಷ್‌ನಲ್ಲಿ ಮಾತಾಡುತ್ತಿದ್ದರು. ನಡುವೆ ನಾನು ಅನುವಾದ ಮಾಡಲು ಹೋದರೆ ಇಬ್ಬರೂ ಸುಮ್ಮನಿರು ಎನ್ನುತ್ತಿದ್ದರು. ಪ್ರತಿ ಆಗಸ್ಟ್‌ನಲ್ಲೂ ಅಜ್ಜಿಯ ಪ್ರಶ್ನೆ ಒಂದೇ: "ನಿನ್ನ ಅಮ್ಮ ಯಾವಾಗ ಬರುತ್ತಾಳೆ?" ಹಿತ್ತಿಲ ಕಡೆಯ ಕೋಣೆ ಅವಳಿಗೇ ಎಂದು ಹೇಳಿಟ್ಟಿದ್ದರು.

ಅಮ್ಮ ಬರಲಿಲ್ಲ. ಒಂದು ವರ್ಷ ಅಡಿಕೆ ಕೊಯ್ಲಿಗೆ ಆಳು ಸಿಗಲಿಲ್ಲ, ಇನ್ನೊಂದು ವರ್ಷ ಅಪ್ಪನ ಆಪರೇಷನ್, ಮತ್ತೊಂದು ವರ್ಷ ಕೊಟ್ಟಿಗೆಯಲ್ಲಿ ಕರು ಹಾಕುವ ಹಸು. ಮಲೆನಾಡಿನ ಮನೆಯವಳಿಗೆ ಇದನ್ನೆಲ್ಲ ನಾನು ವಿವರಿಸಬೇಕಿಲ್ಲ. ಅಜ್ಜಿ ಒಂದು ಜನವರಿಯಲ್ಲಿ ತೀರಿಕೊಂಡರು. ನಾನಾಗ ತೀರ್ಥಹಳ್ಳಿಯಲ್ಲಿದ್ದೆ. ಇಲ್ಲಿ ಮಣ್ಣು ಮಾಡುವುದು ಹೆಚ್ಚು ತಡವಾಗುವುದಿಲ್ಲ, ಟಿಕೆಟ್ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮ ಅಡುಗೆಮನೆಯಲ್ಲಿ ಆ ಶಾಲು ಹೊದ್ದುಕೊಂಡೇ ಅತ್ತಳು. ಒಮ್ಮೆಯೂ ಎದುರು ಕಾಣದವರಿಗಾಗಿ ಅವಳು ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ಈಗ ಅವಳ ಮಂಡಿನೋವಿಗೆ ವಿಮಾನ ಹತ್ತುವ ಮಾತೇ ಇಲ್ಲ. ನನಗೆ ಇಲ್ಲಿ ಕೆಲಸವಿದೆ, ಮನೆಯಿದೆ, ಮೂಸ್ ಆಡುವ ಜೊತೆಗಾರರಿದ್ದಾರೆ. ಅಮ್ಮ, ಅಜ್ಜಿ ಇಬ್ಬರೂ ಒಂದೇ ಮೇಜಿಗೆ ಕೂತು ಊಟ ಮಾಡಲಿಲ್ಲ ಎಂಬುದು ಮಾತ್ರ ಎಷ್ಟು ವರ್ಷವಾದರೂ ಕೊರೆಯುತ್ತಲೇ ಇದೆ.

ಆದ್ದರಿಂದ ನೀನು ಕೇಳದಿದ್ದರೂ ಹೇಳುತ್ತೇನೆ: ನಿನ್ನ ಅಮ್ಮನ ಪಾಸ್‌ಪೋರ್ಟಿಗೆ ಈ ವಾರವೇ ಅರ್ಜಿ ಹಾಕಿಸು. ನೀನು ಇಲ್ಲಿ ಓದುವ ವರ್ಷವೇ ಅವರು ಬರಲಿ, ಮುಂದಿನ ವರ್ಷಕ್ಕೆ ಇಡಬೇಡ. ಮೇ ತಿಂಗಳು ಒಳ್ಳೆಯದು, ಚಳಿ ಹೋಗಿರುತ್ತದೆ, ಅಡಿಕೆಯ ಗಲಾಟೆಯೂ ಮುಗಿದಿರುತ್ತದೆ. ಅವರನ್ನು ಮನೆಯಲ್ಲಿ ಉಳಿಸಿಕೊಳ್ಳುವುದಾದರೆ ಇಲ್ಲಿನ ಪೊಲೀಸ್ ಕಚೇರಿಯಿಂದ ಆಹ್ವಾನ ಪತ್ರ ಮಾಡಿಸಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ನನ್ನ ಹೆಸರಿನಲ್ಲಿ, ನನ್ನ ಮನೆಗೇ ಮಾಡಿಸೋಣ. ಜನವರಿಯೊಳಗೆ ಅವರ ಪಾಸ್‌ಪೋರ್ಟ್ ನಂಬರ್ ನನಗೆ ಕಳಿಸು.